ಜಲರಾಣಿ ಮೀನು ಮಾರ್ಕೆಟ್ಟಿಗೆ ಬಂದ ವಾರ

ನಮ್ಮೂರಿನಲ್ಲಿ ಹಡಗು ಮುಳುಗುವುದಿಲ್ಲ. ಇನ್ನೇನು ಬಂಡೆಗೆ ಬಡಿಯಿತು ಅನ್ನುವಷ್ಟರಲ್ಲಿ ಸಮುದ್ರವೇ ಅದನ್ನು ಎತ್ತಿಕೊಂಡು ಬಂದು ಊರೊಳಗೆ ಎಲ್ಲಾದರೂ ಇಟ್ಟು ಹೋಗುತ್ತದೆ. ಹೋದ ವರ್ಷ ಉಪ್ಪು ತುಂಬಿದ ದೋಣಿಯೊಂದನ್ನು ಅಂಚೆ ಕಚೇರಿಯ ಬಾಗಿಲಿಗೆ ಅಡ್ಡವಾಗಿ ಇಟ್ಟಿತ್ತು. ಪೋಸ್ಟ್ ಮಾಸ್ತರರು ಆರು ದಿನ ಕಿಟಕಿಯಿಂದ ಹತ್ತಿ ಇಳಿದು ಕೆಲಸ ಮಾಡಿದರು. ಏಳನೆಯ ದಿನ ದೋಣಿ ಹೋದ ಮೇಲೂ ಅವರು ಅಭ್ಯಾಸಬಲದಿಂದ ಕಿಟಕಿ ಹತ್ತಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೂ ಹಿಂದೆ ಒಂದು ದೊಡ್ಡ ಹಡಗು ಹೈಸ್ಕೂಲಿನ ಮೈದಾನಕ್ಕೆ ಬಂದಿತ್ತು, ಮಕ್ಕಳು ಅದರ ನೆರಳಿನಲ್ಲಿ ಕೂತು ಪರೀಕ್ಷೆ ಬರೆದರು. ಹೀಗಾಗಿ ನಮ್ಮಲ್ಲಿ ರಸ್ತೆಗಳು ಅಗಲ. ಪ್ರತಿ ಮನೆಯಲ್ಲೂ ಒಂದು ಉದ್ದದ ಏಣಿ, ಅಟ್ಟದಲ್ಲಿ ನಾಲ್ಕು ಹೆಚ್ಚಿನ ಚಾಪೆ ಇರುತ್ತವೆ. ಹೊರಗಿನವರು ನೋಡಿ ಬಾಯಿ ಬಿಡುತ್ತಾರೆ. ನಮಗೆ ಅದು ನೆಂಟರು ಬಂದ ಹಾಗೆ. ಹೇಳದೆ ಬರುತ್ತಾರೆ, ಬಂದ ಮೇಲೆ ಊಟ ಹಾಕಬೇಕು.

ಹಾಗೆ ಬಂದ ಹಡಗು ವಾಪಸು ಹೋಗಬೇಕಾದರೆ, ಅದು ಯಾಕೆ ದಾರಿ ತಪ್ಪಿತು ಎಂಬ ನಿಜವಾದ ಕಾರಣವನ್ನು ಯಾರಾದರೂ ಅದರ ಮುಂದೆ ನಿಂತು ನಾಲ್ಕು ಜನ ಕೇಳುವ ಹಾಗೆ ಹೇಳಬೇಕು. ನಿಜ ಹೇಳಿದರೆ ನೀರು ಬರುತ್ತದೆ, ಹಡಗನ್ನು ಎತ್ತಿ ಕರೆದುಕೊಂಡು ಹೋಗುತ್ತದೆ. ಅರ್ಧ ನಿಜ ಹೇಳಿದರೆ ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಸುಳ್ಳಿಗೆ ಅಲುಗುವುದೇ ಇಲ್ಲ. ಅಲ್ಲಿಯವರೆಗೆ ಪ್ರಯಾಣಿಕರು ಇಳಿದು ಮನೆಗೆ ಹೋಗಬಹುದು, ಆದರೆ ಹಡಗು ನಡೆಸುತ್ತಿದ್ದವರು ನೆಲಕ್ಕೆ ಕಾಲಿಡುವಂತಿಲ್ಲ. ಇಟ್ಟರೋ, ಹಡಗು ಅಲ್ಲೇ ಶಾಶ್ವತ. ನಮ್ಮ ಲೈಬ್ರರಿ ಬಹಳ ಹಿಂದೆ ಒಂದು ಸರಕಿನ ಹಡಗಾಗಿತ್ತು. ಅದರ ಕಪ್ತಾನ ‘ದಿಕ್ಸೂಚಿ ಕೆಟ್ಟಿತ್ತು, ದಿಕ್ಸೂಚಿ ಕೆಟ್ಟಿತ್ತು’ ಎಂದು ನಾಲ್ಕು ತಿಂಗಳು ಹೇಳಿ, ಕೊನೆಗೆ ಬೇಸರ ಬಂದು ಇಳಿದು ನಮ್ಮೂರಿನಲ್ಲೇ ಬಾಳೆಹಣ್ಣಿನ ಅಂಗಡಿ ಇಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕಾರಣ ಹುಡುಕುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಊರಿನ ಕಾರಣ ಕಚೇರಿಗೆ ನಾನೇ ಮುಖ್ಯಸ್ಥೆ. ನನ್ನ ಹೆಸರು ದೇವಕಿ, ಊರಿಗೆಲ್ಲ ದೇವಕ್ಕ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ: ನನ್ನ ಕಾಲದಲ್ಲಿ ಬಂದ ಮೂವತ್ತನಾಲ್ಕು ಹಡಗುಗಳಲ್ಲಿ ಮೂವತ್ತನಾಲ್ಕೂ ವಾಪಸು ಹೋಗಿವೆ. ನನ್ನದು ಸರಳ ವಿಧಾನ. ಮೊದಲ ದಿನ ಏನೂ ಕೇಳುವುದಿಲ್ಲ, ಗಂಜಿ ಉಪ್ಪಿನಕಾಯಿ ಕಳಿಸುತ್ತೇನೆ. ಎರಡನೆಯ ದಿನ ಮೂರೇ ಪ್ರಶ್ನೆ. ಊಟ ಆಗಿತ್ತಾ? ನಿದ್ದೆ ಆಗಿತ್ತಾ? ಯಾರ ಮೇಲೆ ಸಿಟ್ಟಿತ್ತು? ಎಂಜಿನಿನ ವಿಷಯ ನಾನು ಕೇಳುವುದೇ ಇಲ್ಲ. ಎಂಜಿನು ಸುಳ್ಳು ಹೇಳುವುದಿಲ್ಲ, ಅದರ ಹೆಸರಿನಲ್ಲಿ ಮನುಷ್ಯ ಹೇಳುತ್ತಾನೆ. ನನ್ನ ಗಂಡ ಶೀನಪ್ಪ ಬೋರ್ಡು ಬರೆಯುವವರು. ಅಂಗಡಿ, ದೋಣಿ, ಬಸ್ಸು, ಎಲ್ಲದರ ಮೇಲೂ ಅವರದೇ ಅಕ್ಷರ. ಮಾತು ಮಾತ್ರ ಕಡಿಮೆ. ಇಬ್ಬರಿಗೂ ಸಾಕಾಗುವಷ್ಟು ನಾನೇ ಆಡುತ್ತೇನೆ.

ಈಗ ಹೇಳಹೊರಟಿದ್ದು ಮೂವತ್ತೈದನೆಯ ಹಡಗಿನ ಕಥೆ. ಹಡಗು ಅಂದರೆ ಹಡಗಲ್ಲ, ನಮ್ಮೂರಿನದೇ ಲಾಂಚು, ಜಲರಾಣಿ. ಆಚೆ ದಡದ ನಲವತ್ತು ಮನೆಯವರು ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಅಂತ ಈಚೆ ಬರಬೇಕಾದರೆ ಅದೊಂದೇ ಗತಿ. ಅದನ್ನು ನಡೆಸುವುದು ಬಾಬು ತಂಡೇಲರು, ಎಲ್ಲರ ಬಾಬಣ್ಣ. ಮೂವತ್ತೊಂದು ವರ್ಷದಿಂದ ಚುಕ್ಕಾಣಿ ಹಿಡಿದ ಕೈ. ಕೆಳಗೆ ಎಂಜಿನು ನೋಡಿಕೊಳ್ಳುವುದು ಇನಾಸಣ್ಣ. ಈ ಇಬ್ಬರನ್ನು ಬಿಟ್ಟರೆ ಲಾಂಚಿನಲ್ಲಿ ಕೆಲಸಕ್ಕೆ ಮೂರನೆಯವರಿಲ್ಲ. ಬಂದರಿನ ಬಾಯಲ್ಲಿ ಅತ್ತೆಕಲ್ಲು ಅಂತ ಒಂದು ಬಂಡೆ ಇದೆ. ಅದನ್ನು ಬಲಕ್ಕೆ ಬಿಟ್ಟು ದೂರದಿಂದಲೇ ಬರಬೇಕು, ಹತ್ತಿರ ಹೋದವರಿಗೆ ಸುಖವಿಲ್ಲ. ಒಂದು ಮಂಗಳವಾರ ಮಧ್ಯಾಹ್ನ, ಗಾಳಿಯಿಲ್ಲ, ಮೋಡವಿಲ್ಲ, ಎಣ್ಣೆ ಸುರಿದ ಹಾಗೆ ಸಮುದ್ರ ಶಾಂತವಾಗಿದ್ದಾಗ, ಬಾಬಣ್ಣ ಜಲರಾಣಿಯನ್ನು ನೇರವಾಗಿ ಅತ್ತೆಕಲ್ಲಿನ ಮೇಲೆ ಬಿಟ್ಟರು. ಸಮುದ್ರ ಕೂಡಲೇ ಎತ್ತಿತು. ಇಟ್ಟದ್ದು ಮೀನು ಮಾರ್ಕೆಟ್ಟಿನ ಅಂಗಳದಲ್ಲಿ, ಹೆಂಗಸರು ಬಂಗುಡೆ ಹರಡಿಕೊಂಡು ಕೂರುವ ಕಲ್ಲುಹಾಸಿನ ಸರಿ ಮೇಲೆ.

ನಾನು ಹೋಗುವಷ್ಟರಲ್ಲಿ ನಲವತ್ತೆರಡು ಮಂದಿ ಪ್ರಯಾಣಿಕರೂ ಒಂದು ಆಡೂ ಏಣಿಯಿಂದ ಇಳಿದಾಗಿತ್ತು. ಆಡು ಒಂದು ಬುಟ್ಟಿ ಕೊತ್ತಂಬರಿ ಸೊಪ್ಪು ತಿಂದು ಮುಗಿಸಿತ್ತು. ಮೀನು ಮಾರುವವರ ಹಿರಿಯಳು ಕಲ್ಯಾಣಿಯಕ್ಕ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿ ಕೂಗುತ್ತಿದ್ದಳು.

“ಬಾಬಣ್ಣಾ, ನಿಮ್ಗೆ ಬೇರೆ ಜಾಗ ಸಿಗ್ಲಿಲ್ವಾ? ನನ್ನ ಕಲ್ಲಿನ ಮೇಲೆಯೇ ಬಂದು ಕೂರ್ಬೇಕಾ?”

“ನಾನು ಕೂತದ್ದಾ ಮಾರಾಯ್ತಿ? ಇಟ್ಟದ್ದು!” ಎಂದರು ಬಾಬಣ್ಣ. ನಗಿಸಲು ಹೊರಟ ದನಿ ಅರ್ಧದಲ್ಲಿ ಒಡೆಯಿತು.

ಅದಕ್ಕೆ ಕಾರಣವಿತ್ತು. ಶುಕ್ರವಾರ ಅವರ ಒಬ್ಬಳೇ ಮಗಳು ಲೋಲಾಕ್ಷಿಯ ಮದುವೆ. ಹನ್ನೊಂದು ಮೂವತ್ತೆರಡಕ್ಕೆ ಮುಹೂರ್ತ. ಮಾರ್ಕೆಟ್ಟಿನ ಹಿಂದೆಯೇ ಅವರ ಮನೆ, ಅಂಗಳದಲ್ಲಿ ಚಪ್ಪರ ಏಳುತ್ತಿರುವುದು ಲಾಂಚಿನ ಮೇಲಿನಿಂದ ಕಾಣುತ್ತಿತ್ತು. ಕಾಣುತ್ತಿತ್ತು, ಅಷ್ಟೇ. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಬಾಬಣ್ಣ ಎರಡರಲ್ಲಿ ಒಂದನ್ನು ಬಿಡಬೇಕು. ಇಳಿದು ಮಗಳಿಗೆ ಧಾರೆ ಎರೆದರೆ ಜಲರಾಣಿ ಹೋಯಿತು, ಆಚೆ ದಡದವರ ದಾರಿ ಹೋಯಿತು, ಇನಾಸಣ್ಣನ ಅನ್ನವೂ ಹೋಯಿತು. ಇಳಿಯದಿದ್ದರೆ ಮಗಳ ಮದುವೆಯನ್ನು ಅಟ್ಟದ ಮೇಲಿನ ಬೆಕ್ಕಿನ ಹಾಗೆ ಕೂತು ನೋಡಬೇಕು.

ಲೋಲಾಕ್ಷಿ ಸಂಜೆ ನನ್ನ ಕಚೇರಿಗೆ ಬಂದಳು. ಕೈಗೆ ಮದರಂಗಿ ಹಚ್ಚಿಕೊಂಡಿದ್ದಳು, ಹಾಗಾಗಿ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು.

“ದೇವಕ್ಕ, ಧಾರೆ ಅಪ್ಪನೇ ಎರೀಬೇಕು. ದೊಡ್ಡಪ್ಪ ಎರೀತಾರಂತೆ, ಮಾವ ಎರೀತಾರಂತೆ, ನನ್ಗೆ ಅದೆಲ್ಲ ಬೇಡ. ಲಾಂಚಿನ ಮೇಲೆಯೇ ಮದುವೆ ಆಗ್ಲಿ ಅಂತ ಹೇಳಿದೆ. ಹುಡುಗನ ಅಜ್ಜಿ ಒಪ್ಪುದಿಲ್ಲ. ಕಾರಣ ಹೇಳದ ದೋಣಿಯಲ್ಲಿ ಮದುವೆ ಆದ್ರೆ ಹುಟ್ಟುವ ಮಕ್ಳೆಲ್ಲ ಸುಳ್ಳು ಹೇಳ್ತಾವಂತೆ.”

“ಮಕ್ಕಳು ಹೇಗೂ ಹೇಳ್ತಾವೆ. ನೀನು ಹೋಗಿ ಮದರಂಗಿ ಒಣಗಿಸು. ಶುಕ್ರವಾರದೊಳಗೆ ನಿನ್ನ ಅಪ್ಪನನ್ನು ಇಳಿಸುವ ಜವಾಬ್ದಾರಿ ನನ್ನದು,” ಎಂದೆ. ಹಾಗೆ ಹೇಳುವಾಗ ನನಗೆ ಒಂಚೂರೂ ಅನುಮಾನವಿರಲಿಲ್ಲ. ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕು!

ಬುಧವಾರ ಬೆಳಿಗ್ಗೆ ಏಣಿ ಹತ್ತಿದೆ. ಬಾಬಣ್ಣ ಕೂತಲ್ಲೇ ಎಂಜಿನು ಕೆಮ್ಮಿತು ಎಂದರು. ಇನಾಸಣ್ಣ ಮುಖ ಆಚೆ ತಿರುಗಿಸಿಕೊಂಡು ಒರೆಸುವ ಬಟ್ಟೆ ಹಿಂಡುತ್ತಿದ್ದ. ನಾನು ಬಾಬಣ್ಣನ ಕಣ್ಣನ್ನೇ ನೋಡಿದೆ.

“ನಿದ್ದೆ ಆಗಿತ್ತಾ?”

ಅವರು ಚಪ್ಪರದ ಕಡೆ ಕೈ ತೋರಿಸಿದರು. “ಮದುವೆ ಮನೆ ಅಲ್ವಾ ದೇವಕ್ಕ. ಭಾನುವಾರ ಆಚೆ ದಡದಲ್ಲಿ ಅಷ್ಟೂ ಮನೆಗೆ ಮದುವೆ ಕಾಗದ ಕೊಟ್ಟೆ. ಎಲ್ಲಾ ಕಡೆ ಕೂರ್ಲೇಬೇಕು, ಬೆಲ್ಲ ನೀರು ಕುಡೀಲೇಬೇಕು. ಸೋಮವಾರ ಚಪ್ಪರದ ಬಿದಿರು. ಎರಡು ದಿನಕ್ಕೆ ಸೇರಿ ಮೂರು ಗಂಟೆ ಮಲಗಿದ್ರೆ ಹೆಚ್ಚು.”

“ಚುಕ್ಕಾಣಿ ಹಿಡ್ಕೊಂಡು ತೂಕಡಿಸಿದ್ರಾ?”

“ಕಣ್ಣು ತೆರೆದೇ ಇತ್ತು. ಅದ್ರಲ್ಲಿ ಅತ್ತೆಕಲ್ಲು ಇರ್ಲಿಲ್ಲ, ಮಗಳ ಸೀರೆ ಇತ್ತು.”

ಆ ಮಾತು ನನಗೆ ಇಷ್ಟವಾಯಿತು. ಕೆಳಗಿಳಿದು, ಲಾಂಚಿನ ಮುಂದೆ ನಿಂತು, ಮೀನಿನವರು, ರಿಕ್ಷಾದವರು, ಚಾ ಅಂಗಡಿಯವರು ಎಲ್ಲ ಕೇಳುವ ಹಾಗೆ ಹೇಳಿದೆ: ತಂಡೇಲರಿಗೆ ನಿದ್ದೆಯಿರಲಿಲ್ಲ, ಹಾಗಾಗಿ ಕಲ್ಲು ಕಾಣಲಿಲ್ಲ. ಬಂದರಿನ ಕಡೆಯಿಂದ ಜುಳುಜುಳು ಸದ್ದು ಕೇಳಿಸಿತು. ನೀರು ಇಳಿಜಾರು ರಸ್ತೆಯನ್ನು ಏರಿಕೊಂಡು ಐಸಿನ ಅಂಗಡಿಯವರೆಗೆ ಬಂತು. ಅಲ್ಲಿ ನಿಂತಿತು. ಮಕ್ಕಳು ಆಗಲೇ ಚಡ್ಡಿ ಒದ್ದೆ ಮಾಡಿಕೊಂಡಾಗಿತ್ತು. ಮಾರ್ಕೆಟ್ಟಿಗೆ ಇನ್ನೂ ಅರ್ಧ ದಾರಿ ಬಾಕಿ.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರು ಸಾರಿನಲ್ಲಿ ಬೆರಳಾಡಿಸುತ್ತ, “ಒಮ್ಮೆ ಆ ಚುಕ್ಕಾಣಿ ಕೋಣೆಯೊಳಗೆ ಕೂತು ನೋಡ್ಬಾರ್ದಾ?” ಎಂದರು.

“ಕಲ್ಲು ನೋಡಬೇಕಾದವರು ಅವರು. ಕೋಣೆಯಲ್ಲಿ ನಾನು ಎಂತ ನೋಡುದು? ನಿಮ್ಗೆ ಅದೆಲ್ಲ ಗೊತ್ತಾಗುದಿಲ್ಲ, ಅನ್ನ ಹಾಕಿಕೊಳ್ಳಿ,” ಎಂದೆ. ಅವರು ಹಾಕಿಕೊಂಡರು.

ನನ್ನ ತಲೆಯಲ್ಲಿ ಆಗಲೇ ಮೂರನೆಯ ಪ್ರಶ್ನೆ ಕೂತಿತ್ತು. ಬಾಬಣ್ಣನಿಗೆ ಕಲ್ಲು ಕಾಣಲಿಲ್ಲ, ಸರಿ. ಇನಾಸಣ್ಣನಿಗೆ? ಎಂಜಿನಿನ ಗುಂಡಿಯಿಂದ ತಲೆ ಹೊರಗೆ ಹಾಕಿ ನಿಲ್ಲುವುದು ಅವನ ಅಭ್ಯಾಸ. ಅಲ್ಲಿಂದ ಮುಂದಿನ ನೀರು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮತ್ತೆ ಈ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಂಥವರು, ನಿನ್ನೆಯಿಂದ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದಾರಲ್ಲ?

ಗುರುವಾರ ಬೆಳಿಗ್ಗೆ ಕಾಸಿದ ಹಾಲು, ನೀರ್ದೋಸೆ ತೆಗೆದುಕೊಂಡು ಹೋಗಿ ಇನಾಸಣ್ಣನ ಪಕ್ಕ ಕೂತೆ. ಮೂರು ದೋಸೆ ಹೊಟ್ಟೆಗೆ ಬಿದ್ದ ಮೇಲೆ ಕೇಳಿದೆ. ಅವನು ಬಾಬಣ್ಣನಿಗೆ ಕೇಳಲಿ ಎಂದೇ ದನಿ ಎತ್ತರಿಸಿದ.

“ಇಪ್ಪತ್ತಾರು ವರ್ಷ ಒಟ್ಟಿಗಿದ್ದೇವೆ ದೇವಕ್ಕ. ಆ ಹುಡುಗಿ ನನ್ನ ಹೆಗಲ ಮೇಲೆ ಬೆಳೆದದ್ದು. ಊರಿಗೆಲ್ಲ ಮನೆಗೆ ಹೋಗಿ, ಕೂತು, ಕಾಗದ ಕೊಟ್ರು. ನನ್ಗೆ? ಡೀಸೆಲ್ ಕ್ಯಾನಿನ ಮೇಲೆ ಇಟ್ಟು, ಇಕಾ ಅದು ನಿಂದು ಅಂದ್ರು! ನನ್ನ ಹೆಂಡ್ತಿ ಒಂಬತ್ತು ದಿನದಿಂದ ಕಾಗದ ತೆರೆದು ನೋಡ್ಲಿಲ್ಲ. ನಾನು ಒಂಬತ್ತು ದಿನದಿಂದ ಅವರ ಹತ್ರ ಮಾತು ಬಿಟ್ಟಿದ್ದೇನೆ.”

ಬಾಬಣ್ಣ ಎದ್ದು ನಿಂತರು. “ಅಯ್ಯೋ ಇನಾಸ, ಮನೆಯವನಿಗೆ ಯಾರಾದ್ರೂ ಮನೆಗೆ ಬಂದು ಕರೀತಾರಾ? ನೀನು ಕರೆಯುವ ಕಡೆಯವನು ಅಂತ ನಾನು ಎಣಿಸಿದ್ದು!”

“ಅದನ್ನ ಬಾಯಿ ಬಿಟ್ಟು ಹೇಳ್ಬೇಕಿತ್ತು.”

“ಹೇಳ್ಲಿಲ್ಲ. ತಪ್ಪಾಯ್ತು.”

ಆಮೇಲೆ ನಡೆದದ್ದು ನೋಡಲು ಚಂದವಿತ್ತು. ಇನಾಸಣ್ಣನ ಮನೆಗೆ ಹೋಗುವಂತಿಲ್ಲವಲ್ಲ, ಹಾಗಾಗಿ ಬಾಬಣ್ಣ ಲಾಂಚಿನ ಹಿಂಬದಿಯ ಬೆಂಚೇ ಇನಾಸಣ್ಣನ ಮನೆ ಎಂದು ತೀರ್ಮಾನಿಸಿದರು. ಕಲ್ಯಾಣಿಯಕ್ಕ ಮೀನಿನ ಬುಟ್ಟಿ ತೊಳೆದು, ಅದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಇಟ್ಟು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದಳು. ಇನಾಸಣ್ಣನ ಹೆಂಡತಿಯನ್ನು ಕರೆಸಿ ಏಣಿ ಹತ್ತಿಸಿದರು. ಬಾಬಣ್ಣ ಲಾಂಚಿನ ಮುಂಬದಿಯಿಂದ ಹಿಂಬದಿಗೆ ಹನ್ನೆರಡು ಹೆಜ್ಜೆ ನಡೆದು, ಬಾಗಿಲು ತಟ್ಟುವ ಹಾಗೆ ಗಾಳಿಯಲ್ಲಿ ತಟ್ಟಿ, “ಇದ್ದೀರಾ?” ಎಂದರು. ಒಳಗಿನಿಂದ ಅನ್ನುವ ಹಾಗೆ ಇನಾಸಣ್ಣ, “ಬನ್ನಿ ಬನ್ನಿ, ಬಿಸಿಲಲ್ಲಿ ಬಂದ್ರಿ,” ಎಂದ. ಇಡೀ ಮಾರ್ಕೆಟ್ಟು ಚಪ್ಪಾಳೆ ತಟ್ಟಿತು. ನಾನು ಕಣ್ಣು ಒರೆಸಿಕೊಂಡು, ಲಾಂಚಿನ ಮುಂದೆ ನಿಂತು, ಮಾತು ಬಿಟ್ಟದ್ದೇ ಕಾರಣ ಎಂದು ಘೋಷಿಸಿದೆ.

ನೀರು ಐಸಿನ ಅಂಗಡಿ ದಾಟಿತು, ಚಾ ಅಂಗಡಿ ದಾಟಿತು, ಮಾರ್ಕೆಟ್ಟಿನ ಮೆಟ್ಟಿಲು ಹತ್ತತೊಡಗಿತು. ಒಂದು, ಎರಡು, ಮೂರು. ಹೆಂಗಸರು ಬುಟ್ಟಿ ತಲೆಗೇರಿಸಿಕೊಂಡು ತಯಾರಾದರು. ಐದನೆಯ ಮೆಟ್ಟಿಲಿನಲ್ಲಿ ನೀರು ನಿಂತಿತು. ಎಂಟು ಮೆಟ್ಟಿಲಿವೆ. ಕಾದೆವು. ಸಂಜೆಯ ಹೊತ್ತಿಗೆ ಅದು ಅಲ್ಲೇ ಬೆಚ್ಚಗಾಗಿ, ಕೋಳಿಗಳು ಬಂದು ಕುಕ್ಕಿ ನೋಡಿ ಹೋದವು.

ಹತ್ತೊಂಬತ್ತು ವರ್ಷದಲ್ಲಿ ಮೂರನೆಯ ಪ್ರಶ್ನೆಯ ಆಚೆಗೆ ನಾನು ಹೋಗಬೇಕಾಗಿ ಬಂದಿರಲಿಲ್ಲ. ಚಪ್ಪರದಲ್ಲಿ ಹೂವು ಕಟ್ಟುತ್ತಿದ್ದವರ ನಗು ಕೇಳಿಸುತ್ತಿತ್ತು. ಲೋಲಾಕ್ಷಿ ಬೇಲಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು, ನಾನು ಆ ಕಡೆ ನೋಡಲಿಲ್ಲ. ಬಾಬಣ್ಣ ಮೇಲಿನಿಂದ ಮೆಲ್ಲಗೆ ಹೇಳಿದರು: “ಬಿಡಿ ದೇವಕ್ಕ. ನಾಳೆ ಹನ್ನೊಂದು ಗಂಟೆಗೆ ನಾನು ಇಳೀತೇನೆ. ಇನಾಸನೂ ಹೂಂ ಅಂದಿದ್ದಾನೆ. ಲಾಂಚು ಇಲ್ಲಿಯೇ ಇರ್ಲಿ, ಕಲ್ಯಾಣಿಯಕ್ಕನಿಗೆ ನೆರಳಾಯ್ತು.” ಆ ದಿನ ಕಲ್ಯಾಣಿಯಕ್ಕ ಬೈಯದೆ ಇದ್ದದ್ದು ಒಂದೇ ಸಲ, ಅದು ಆಗ.

ಶುಕ್ರವಾರ ಹತ್ತು ಗಂಟೆಗೆ ಮದುವೆಗೆಂದು ಹಸಿರು ಪಟ್ಟೆ ಸೀರೆ ಉಟ್ಟುಕೊಂಡೇ ಮಾರ್ಕೆಟ್ಟಿಗೆ ಹೋದೆ. ನಮ್ಮವರು ಏಣಿ ಹಿಡಿದರು. ಬೇರೆ ದಾರಿ ತೋಚದೆ ಚುಕ್ಕಾಣಿ ಕೋಣೆಯೊಳಗೆ ನುಗ್ಗಿದೆ. ಹಾಗೆ ಮಾಡಲು ಹೇಳಿದ್ದು ಯಾರೆಂಬುದನ್ನು ಆಗ ನಾನು ನೆನಪಿಸಿಕೊಳ್ಳಲಿಲ್ಲ. ತಂಡೇಲರ ಸ್ಟೂಲಿನ ಮೇಲೆ ಕೂತು ಚುಕ್ಕಾಣಿ ಹಿಡಿದೆ. ಬಾಬಣ್ಣನನ್ನು ಹೊರಗೆ ನಿಲ್ಲಿಸಿದೆ.

“ಇನಾಸಣ್ಣ, ಮಂಗಳವಾರ ಎಲ್ಲಿ ನಿಂತಿದ್ದೆಯೋ ಅಲ್ಲೇ ನಿಲ್ಲು. ಈಗ ಅಕೋ, ಮುಂದೆ ಅತ್ತೆಕಲ್ಲು. ಕಂಡಿತಾ?”

“ಕಂಡಿತು.” ಅವನು ಗುಂಡಿಯಿಂದ ತಲೆ ಹೊರಗೆ ಹಾಕಿ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದ.

“ಆವತ್ತೂ ಕಂಡಿತ್ತಾ?”

“ಸುಳ್ಳು ಯಾಕೆ? ಕಂಡಿತ್ತು.”

“ಸಿಟ್ಟು ಅಂತ ಸುಮ್ಮನಾದೆಯಾ?”

“ಎಂತ ದೇವಕ್ಕ ನೀವು! ಊಟಕ್ಕೆ ಕರೆಯದವನ ಹತ್ರ ಚಾ ಆಯ್ತಾ ಅಂತ ಕೇಳ್ಲಿಕ್ಕಿಲ್ಲ. ಕಲ್ಲು ಉಂಟು ಅಂತ ಶತ್ರುವಿಗೂ ಹೇಳ್ತೇನೆ.”

“ಸರಿ, ಈಗ ಹೇಳು. ನಾನೇ ತಂಡೇಲ. ಕೂಗು.”

ಇನಾಸಣ್ಣ ಬಾಯಿ ತೆರೆದ. ಅವನ ಕಣ್ಣು ನನ್ನ ತಲೆಯ ಮೇಲಕ್ಕೆ ಹೋಯಿತು. ಬಾಯಿ ಮುಚ್ಚಿತು. “ಇನ್ನೊಮ್ಮೆ,” ಎಂದೆ. ಮತ್ತೆ ಹಾಗೆಯೇ. ಮೂರನೆಯ ಸಲವೂ ಬಾಯಿ ತೆರೆಯಿತು, ಕಣ್ಣು ಮೇಲೆ ಹೋಯಿತು, ಬಾಯಿ ಮುಚ್ಚಿತು. ನಾನು ಸ್ಟೂಲಿನ ಮೇಲೆಯೇ ತಿರುಗಿ ತಲೆ ಎತ್ತಿ ನೋಡಿದೆ.

ಹಳದಿ ಬಣ್ಣದ ಹಲಗೆ, ಕೆಂಪು ಅಕ್ಷರ: ‘ಚುಕ್ಕಾಣಿ ಹಿಡಿದವರೊಡನೆ ಮಾತನಾಡಕೂಡದು.’ ಕೆಳಗೆ ಇನ್ನೂ ದಪ್ಪಗೆ: ‘ದೇವಕಿ, ಕಾರಣ ಕಚೇರಿ.’

ಹನ್ನೊಂದು ವರ್ಷದ ಹಿಂದಿನ ಮಾತು. ಮೀನಿನ ದೋಣಿಯೊಂದು ತೆಂಗಿನ ತೋಟಕ್ಕೆ ಬಂದಿತ್ತು. ತಂಡೇಲ ವಾಲಿಬಾಲ್ ಪಂದ್ಯದ ಬಗ್ಗೆ ಹುಡುಗರ ಹತ್ತಿರ ವಾದಿಸುತ್ತ ಮೈಮರೆತಿದ್ದ. ಕಾರಣ ಹೇಳಿದೆ, ನೀರು ಬಂತು, ದೋಣಿ ಹೋಯಿತು. ಸಮುದ್ರ ಕೇಳಿದ್ದು ಅಷ್ಟೇ. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಬಂದರಿನ ಪ್ರತಿ ದೋಣಿಗೂ ಹೀಗೊಂದು ಹಲಗೆ ಬರೆಸಿ ಹೊಡೆಸಿದೆ. ಬರೆದದ್ದು ನಮ್ಮವರೇ. ಬರೆಯುವಾಗ ಕುಂಚ ನಿಲ್ಲಿಸಿ, “ಇದರಲ್ಲಿ, ಅಪಾಯ ಇದ್ರೆ ಹೇಳಿ ಅಂತ ಒಂದು ಸಾಲು ಸೇರಿಸ್ಬೇಕಾ?” ಎಂದು ಕೇಳಿದ್ದರು. ಹಲಗೆಯಲ್ಲಿ ಜಾಗವಿಲ್ಲ, ನನ್ನ ಹೆಸರು ಬರಬೇಕು ಎಂದಿದ್ದೆ.

“ಅಭ್ಯಾಸ ಆಗಿಬಿಟ್ಟಿದೆ ದೇವಕ್ಕ,” ಎಂದ ಇನಾಸಣ್ಣ, ಅವನೇ ತಪ್ಪು ಮಾಡಿದವನ ಹಾಗೆ. “ಮೊದಮೊದಲು ಮರೆತು ಮಾತಾಡಿದ್ರೆ ಬಾಬಣ್ಣ ಹಲಗೆ ತೋರಿಸ್ತಿದ್ರು. ಈಗ ತೋರಿಸುದೇ ಬೇಡ. ಬಾಯಿ ತೆರೆಯುವ ಮೊದಲು ಕಣ್ಣೇ ಅಲ್ಲಿಗೆ ಹೋಗ್ತದೆ. ಆವತ್ತು ಹೇಳ್ಲಾ ಬೇಡ್ವಾ ಅಂತ ನೋಡುವಷ್ಟರಲ್ಲಿ ಕಲ್ಲು ಬಂದಾಗಿತ್ತು.”

“ಇದನ್ನು ಮಂಗಳವಾರವೇ ಯಾಕೆ ಹೇಳ್ಲಿಲ್ಲ?”

ಅವನು ಬಟ್ಟೆ ಹಿಂಡಿದ. ಬಾಬಣ್ಣ ಎಲ್ಲೋ ನೋಡಿದರು. ಕೊನೆಗೆ ಇನಾಸಣ್ಣನೇ ಹೇಳಿದ: “ಎಲ್ಲರನ್ನೂ ಕೇಳುವವರು ನೀವು. ನಿಮ್ಗೆ ಯಾರು ಹೇಳುದು?”

ಕೆಳಗೆ ನೋಡಿದೆ. ಏಣಿಯ ಬುಡದಲ್ಲಿ ನಮ್ಮವರು ತಲೆ ತಗ್ಗಿಸಿ ನಿಂತಿದ್ದರು. ನನಗೆ ನಾಚಿಕೆ ಆಯಿತು. ಅಳುವೂ ಬಂತು. ಊರಿನವರ ಎಲೆಯ ನೊಣ ಹುಡುಕಿ ಹುಡುಕಿ ತೆಗೆದವಳು ನಾನು, ನನ್ನ ಎಲೆಯಲ್ಲೇ ಹೆಗ್ಗಣ ಬಿದ್ದಿತ್ತು.

ಇಲ್ಲಿಗೆ ನಾನು ಒಳ್ಳೆಯವಳಾಗಿಬಿಟ್ಟೆ ಅಂದುಕೊಳ್ಳಬೇಡಿ. ಏಣಿ ಇಳಿಯುವಾಗಲೇ ಹೇಗೆ ಹೇಳಿದರೆ ಮರ್ಯಾದೆ ಉಳಿದೀತು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಮದುಮಗನ ಕಡೆಯವರು ಆಚೆ ದಡದಿಂದ, ಲಾಂಚಿಲ್ಲದ್ದಕ್ಕೆ ಮೀನು ಹಿಡಿಯುವ ಸಣ್ಣ ಸಣ್ಣ ದೋಣಿಗಳಲ್ಲಿ ಬಂದಿಳಿದಿದ್ದರು. ಓಲಗದವರು ಬಂದರು. ಚಪ್ಪರದಲ್ಲಿರಬೇಕಾದ ಜನವೆಲ್ಲ ಮಾರ್ಕೆಟ್ಟಿನಲ್ಲಿ ಸೇರಿತ್ತು. ಗಂಟೆ ಹತ್ತೂಮುಕ್ಕಾಲು. ಬಾಬಣ್ಣ ಜರಿ ಪಂಚೆ ಉಟ್ಟು ಲಾಂಚಿನ ಅಂಚಿನಲ್ಲಿ ಕೂತು, ಕಾಲು ಕೆಳಗೆ ಇಳಿಬಿಟ್ಟಿದ್ದರು. ನೆಲಕ್ಕೂ ಅವರ ಪಾದಕ್ಕೂ ಇದ್ದದ್ದು ಒಂದು ಏಣಿಯ ದೂರ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ:

“ಕೋಣೆಯಲ್ಲಿ ಒಂದು ಬೋರ್ಡು ಇತ್ತು. ಮಾತಾಡಬಾರದು ಅಂತ. ಅದರಿಂದಾಗಿ ಅಪಾಯ ಕಂಡವರು ಹೇಳಲಿಲ್ಲ.”

ನೀರು ಆರನೆಯ ಮೆಟ್ಟಿಲಿಗೆ ಒಂದು ಬೆರಳು ಏರಿ ಮತ್ತೆ ಐದಕ್ಕೆ ಇಳಿಯಿತು. ನನ್ನ ಜೀವಮಾನದಲ್ಲಿ ನೀರು ಹಿಂದಕ್ಕೆ ಹೋದದ್ದನ್ನು ನೋಡಿದ್ದು ಅದೊಂದೇ ಸಲ.

ಜನರ ನಡುವಿನಿಂದ ಲೋಲಾಕ್ಷಿ ಮುಂದೆ ಬಂದಳು. ಮೈತುಂಬ ಮಲ್ಲಿಗೆ, ಕಣ್ಣಿನಲ್ಲಿ ಕಾಡಿಗೆ ನಿಲ್ಲುತ್ತಿರಲಿಲ್ಲ. ಮೆಲ್ಲಗೇ ಕೇಳಿದಳು: “ದೇವಕ್ಕ, ಬೋರ್ಡು ತಾನೇ ನಡ್ಕೊಂಡು ಬಂದು ಅಲ್ಲಿ ಕೂತದ್ದಾ?”

ನಾನು ಆ ಹುಡುಗಿಯನ್ನು ನೋಡಿದೆ, ಅವಳ ಅಪ್ಪನ ಇಳಿಬಿಟ್ಟ ಕಾಲನ್ನು ನೋಡಿದೆ. ಮರ್ಯಾದೆ ಹೋದರೆ ಹೋಗಲಿ, ಅದನ್ನು ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಬೇಕೇ ಅನ್ನಿಸಿತು.

“ಬರೆಸಿದವಳು ನಾನು,” ಎಂದೆ. “ಒಂದು ದೋಣಿಯವರು ಹರಟಿದರು ಅಂತ ಊರಿಗೆಲ್ಲ ಬಾಯಿ ಹೊಲಿದೆ. ಬರೆದವರು ಆವತ್ತೇ ಸಾಲದು ಅಂದಿದ್ದರು, ನನ್ನ ಹೆಸರಿಗೆ ಜಾಗ ಸಾಲದು ಅಂತ ಅವರ ಮಾತು ತಳ್ಳಿಹಾಕಿದೆ. ಹನ್ನೊಂದು ವರ್ಷ ಯಾರೂ ನನ್ನ ಹತ್ತಿರ ಬಂದು ಇದು ತಪ್ಪು ಅನ್ನಲಿಲ್ಲ. ಅನ್ನುವ ಹಾಗೆ ನಾನು ಇಟ್ಟುಕೊಂಡಿರಲಿಲ್ಲ. ಬಾಬಣ್ಣನ ನಿದ್ದೆಗಣ್ಣಿಗೆ ಇನಾಸಣ್ಣನ ಒಂದು ಕೂಗು ಸಾಕಿತ್ತು. ಆ ಕೂಗನ್ನು ನುಂಗಿದ್ದು ನಾನು.”

ನೀರಿಗೆ ಅಷ್ಟು ಅವಸರ ಇದ್ದದ್ದನ್ನು ನಾನು ಕಂಡಿರಲಿಲ್ಲ. ಮೂರು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿತು. ಹೆಂಗಸರು ಸೀರೆ ಎತ್ತಿಕೊಂಡರು, ಗಂಡಸರು ಚಪ್ಪಲಿ ಕೈಗೆ ತೆಗೆದುಕೊಂಡರು, ಹುಡುಗನ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿದರು. ಬುಟ್ಟಿಗಳು, ತಕ್ಕಡಿಯ ತಟ್ಟೆಗಳು, ಯಾರದೋ ಛತ್ರಿ, ಎಲ್ಲ ತೇಲಿದವು. ಓಲಗದವನು ಸೊಂಟದವರೆಗಿನ ನೀರಿನಲ್ಲಿ ನಿಂತು ಸಿಕ್ಕಿದ್ದೇ ಅವಕಾಶ ಎಂದು ಊದತೊಡಗಿದ. ಜಲರಾಣಿ ಒಮ್ಮೆ ನಡುಗಿ, ಮೈ ಕೊಡವಿ ಎದ್ದಿತು. ಬಾಬಣ್ಣ, “ಓ ಲೋಲೂ!” ಎಂದು ಕೂಗಿ, ಜರಿ ಪಂಚೆಯ ಸಮೇತ ಅಂಚಿನಿಂದ ನೀರಿಗೆ ಹಾರಿದರು. ಅವರ ಹಿಂದೆಯೇ ಇನಾಸಣ್ಣ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಾನು ಅಳುವೂ ನಗುವೂ ಒಟ್ಟಿಗೇ ಬಂದು, ಮೂವತ್ತೈದಕ್ಕೆ ಮೂವತ್ತೈದು ಎಂದು ಮನಸ್ಸಿನಲ್ಲೇ ಎಣಿಸುತ್ತ, ಲಾಂಚಿನ ಬದಿಯಲ್ಲೇ ಕಂಬದ ಹಾಗೆ ನಿಂತುಬಿಟ್ಟಿದ್ದೆ.

“ಏ ದೇವಕೀ!”

ಯಾರೋ ಗಂಡಸು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ದನಿ ಯಾರದೆಂದು ನನಗೆ ಗುರುತೇ ಸಿಗಲಿಲ್ಲ.

“ಕಣ್ಣು ಕಾಣುದಿಲ್ವಾ ನಿನಗೆ? ಲಾಂಚು ತಿರುಗ್ತಾ ಉಂಟು! ಹಿಂದೆ ಸರಿ ಮಾರಾಯ್ತೀ, ಹಿಂದೆ ಸರಿ!”

ನಮ್ಮವರು! ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಏ ಎಂದದ್ದಿಲ್ಲ, ದನಿ ಎತ್ತಿದ್ದಿಲ್ಲ. ತೋಳು ಬೀಸುತ್ತ, ನೀರು ಒದೆಯುತ್ತ, ಮುಖ ಕೆಂಪು ಮಾಡಿಕೊಂಡು ಕೂಗುತ್ತಿದ್ದರು. ನಾನು ಯಾಕೆ ಎಂದು ಕೇಳಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದೆ. ನಾನು ನಿಂತಿದ್ದ ಜಾಗವನ್ನು ಸವರಿಕೊಂಡು ಜಲರಾಣಿಯ ಹಿಂಭಾಗ ಭರ್ರನೆ ತಿರುಗಿ, ನೀರಿನೊಂದಿಗೆ ಇಳಿಜಾರು ರಸ್ತೆ ಹಿಡಿದು, ಬಂದರಿಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಕಲ್ಯಾಣಿಯಕ್ಕ, “ಶೀನಪ್ಪನಿಗೆ ಇಷ್ಟು ದೊಡ್ಡ ಗಂಟಲು ಉಂಟಾ?” ಎಂದಳು. ಶೀನಪ್ಪನಿಗೇ ಅದು ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹನ್ನೊಂದು ಮೂವತ್ತೆರಡಕ್ಕೆ ಸರಿಯಾಗಿ ಬಾಬಣ್ಣ ತೊಟ್ಟಿಕ್ಕುವ ಬಟ್ಟೆಯಲ್ಲೇ ಧಾರೆ ಎರೆದರು. ಪುರೋಹಿತರು ಚೆಂಬಿಗೆ ನೀರು ಕೇಳಿದಾಗ ಚಪ್ಪರವೆಲ್ಲ ನಕ್ಕಿತು. ಊಟಕ್ಕೆ ಕೂತಾಗ ಇನಾಸಣ್ಣ ಕರೆಯುವ ಕಡೆಯವನ ಗತ್ತಿನಲ್ಲಿ ಎಲೆ ಎಲೆಗೂ ನಿಂತು, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳದವರನ್ನು ಬೈದ. ಮರುದಿನದಿಂದ ನಮ್ಮವರು ಬಂದರಿನ ದೋಣಿಗಳ ಹಲಗೆಯನ್ನೆಲ್ಲ ಕಿತ್ತು ತಂದು ಹಿತ್ತಿಲಿನಲ್ಲಿ ಒಟ್ಟಿದ್ದಾರೆ, ಬಚ್ಚಲ ಒಲೆಗೆ ಚೆನ್ನಾಗಿ ಉರಿಯುತ್ತವೆ.

ಆದರೆ ಆ ದಿನ ತೆರೆದ ಅವರ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ. ಹಸಿರು ಪಟ್ಟೆ ಸೀರೆ ನನಗೆ ಒಪ್ಪುವುದಿಲ್ಲವಂತೆ. ನಾನು ಹಾಡುವಾಗ ಶ್ರುತಿ ಬಿಡುತ್ತೇನಂತೆ, ಅದು ಮದುವೆಯಾದ ವರ್ಷದಿಂದಲೇ ಅವರಿಗೆ ಗೊತ್ತಿತ್ತಂತೆ. ನಿನ್ನೆ ಊಟದ ನಡುವೆ ತುತ್ತು ನಿಲ್ಲಿಸಿ, ನನ್ನ ಸಾರಿಗೆ ಇಪ್ಪತ್ತೇಳು ವರ್ಷದಿಂದ ಹುಳಿ ಹೆಚ್ಚು ಎಂದರು. ಇವತ್ತು ಹುಣಸೆಹಣ್ಣನ್ನು ಅರ್ಧಕ್ಕಿಳಿಸಿದ್ದೇನೆ. ಹೇಗಾಗಿದೆ ಎಂದು ಅವರನ್ನೇ ಕೇಳಬೇಕು.